ಟಾನಿಕ್ ಬಾಟಲಿ ಕೊಳ್ಳುವ ಮುನ್ನ: ಗಿಡದ ಹಾರ್ಮೋನುಗಳ ಬಗ್ಗೆ ನಾವು ತಿಳಿಯಬೇಕಾದದ್ದು



ಕೆಲವು ವರ್ಷಗಳ ಹಿಂದಿನ ಮಾತು. ಮಲೆನಾಡಿನ ಅಂಚಿನ ಒಂದು ಹಳ್ಳಿಯಲ್ಲಿ ನಮ್ಮ ಸಂಘವೊಂದರ ಸದಸ್ಯರು ಸೇರಿ ಅರ್ಧ ಎಕರೆ ಜಮೀನು ಗುತ್ತಿಗೆ ಹಿಡಿದು ಮೆಣಸಿನಕಾಯಿ ಗಿಡ ಹಾಕಿದ್ದರು. ಬಂಡವಾಳ ಸಂಘದ ಉಳಿತಾಯದಿಂದ ತೆಗೆದ ಒಳಸಾಲ. ಗಿಡ ಚೆನ್ನಾಗಿಯೇ ಬಂದಿತ್ತು. ಹೂ ಬಿಡುವ ಹೊತ್ತಿಗೆ ಒಬ್ಬ ವ್ಯಾಪಾರಿ ಬೈಕಿನಲ್ಲಿ ಬಂದು ಸಭೆಯಲ್ಲೇ ಕುಳಿತು, "ಈ ಟಾನಿಕ್ ಹೊಡೀರಿ, ಒಂದಕ್ಕೆ ಎರಡು ಪಾಲು ಕಾಯಿ ಬರುತ್ತೆ" ಅಂತ ಹೇಳಿದ. ಬಾಟಲಿ ಮೇಲೆ ದೊಡ್ಡ ಮೆಣಸಿನಕಾಯಿಯ ಚಿತ್ರ ಇತ್ತು. ಒಳಗೆ ಏನಿದೆ ಅಂತ ಬರೆದಿರಲಿಲ್ಲ. ಸದಸ್ಯರು ಮತ್ತೆ ಸಾಲ ಕೇಳಿದರು, ಸಭೆ ಒಪ್ಪಿತು, ನಾವೂ ಬೇಡ ಅನ್ನಲಿಲ್ಲ. ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿ, ಪಕ್ಕದ ಹೊಲದವರ ಸ್ಪ್ರೇ ಕ್ಯಾನ್ ಎರವಲು ತಂದು ಹೊಡೆದರು.

ಒಂದು ವಾರ ಕಳೆಯುವುದರೊಳಗೆ ಗಿಡದ ಎಳೆ ಎಲೆಗಳೆಲ್ಲ ಹಗ್ಗದ ಹಾಗೆ ತಿರುಚಿಕೊಂಡವು. ಕಾಂಡ ಬಾಗಿತು, ಹೂ ಉದುರಿತು. "ಸಿಸ್ಟರ್, ಟಾನಿಕ್ ಅಂತ ಹೇಳಿ ವಿಷ ಕೊಟ್ಟುಬಿಟ್ಟ ನೋಡಿ" ಅಂತ ಅಳುತ್ತಾ ಬಂದರು. ನಾವು ಎರಡು ಗಿಡ ಕಿತ್ತುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆವು. ಅಲ್ಲಿನ ವಿಜ್ಞಾನಿ ಎರಡೇ ಪ್ರಶ್ನೆ ಕೇಳಿದರು: "ಬಾಟಲಿಯಲ್ಲಿ ಏನಿತ್ತು? ಈ ಕ್ಯಾನಿನಲ್ಲಿ ಮೊದಲು ಏನು ಹೊಡೆದಿದ್ದರು?" ಮೊದಲನೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಎರಡನೆಯದಕ್ಕೆ ಉತ್ತರ ಊರಿಗೆ ಬಂದು ವಿಚಾರಿಸಿದಾಗ ಸಿಕ್ಕಿತು. ಆ ಕ್ಯಾನಿನಲ್ಲಿ ಜೋಳದ ಹೊಲಕ್ಕೆ 2,4-ಡಿ ಎಂಬ ಕಳೆನಾಶಕ ಹೊಡೆದಿದ್ದರು.

ಆಶ್ಚರ್ಯದ ಮಾತು ಏನೆಂದರೆ, ಹೂ ನಿಲ್ಲಿಸುವ ಔಷಧಿ ಮತ್ತು ಕಳೆ ಸಾಯಿಸುವ 2,4-ಡಿ ಎರಡೂ ಒಂದೇ ಜಾತಿಗೆ ಸೇರಿದವು! ಎರಡೂ ಗಿಡದ ಹಾರ್ಮೋನಿನ ಹಾಗೆ ಕೆಲಸ ಮಾಡುವ ರಾಸಾಯನಿಕಗಳು. ಇದು ಹೇಗೆ ಸಾಧ್ಯ? ಇದನ್ನು ತಿಳಿದುಕೊಂಡರೆ ಮುಂದೆ ಯಾವ ಬಾಟಲಿಗೆ ಸಾಲ ಕೊಡಬೇಕು, ಯಾವುದಕ್ಕೆ ಕೊಡಬಾರದು ಅಂತ ನಾವೇ ತೀರ್ಮಾನ ಮಾಡಬಹುದು. ಅದಕ್ಕೇ ಈ ಬರಹ.

ಹಾರ್ಮೋನು ಅಂದರೆ ಏನು?

ಗಿಡಕ್ಕೆ ಊಟ ಅಂದರೆ ನೀರು, ಬಿಸಿಲು, ಗಾಳಿ ಮತ್ತು ಮಣ್ಣಿನ ಸಾರ. ಗೊಬ್ಬರ ಊಟದ ಲೆಕ್ಕಕ್ಕೆ ಸೇರಿದ್ದು. ಹಾರ್ಮೋನು ಊಟ ಅಲ್ಲ, ಅದು ಸುದ್ದಿ. ಹಿಂದೆ ಊರಿನಲ್ಲಿ ಡಂಗುರ ಸಾರುತ್ತಿದ್ದರು. ಡಂಗುರ ಕೇಳಿದರೆ ಊರೆಲ್ಲ ಕೆರೆ ಹೂಳೆತ್ತಲು ಹೊರಡುತ್ತಿತ್ತು. ಆದರೆ ಡಂಗುರ ಯಾರ ಹೊಟ್ಟೆಯನ್ನೂ ತುಂಬಿಸುತ್ತಿರಲಿಲ್ಲ. ಗಿಡದಲ್ಲೂ ಹಾಗೆಯೇ. "ಇಲ್ಲಿ ಬೇರು ಬಿಡು", "ಈಗ ಹೂ ಬಿಡು", "ಈ ಕಾಯಿ ಹಣ್ಣಾಗಲಿ", "ನೀರಿಲ್ಲ, ಎಲೆಯ ಬಾಯಿ ಮುಚ್ಚು" ಅಂತ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸುದ್ದಿ ಒಯ್ಯುವ ವಸ್ತುಗಳೇ ಹಾರ್ಮೋನುಗಳು. ಇವು ಗಿಡದಲ್ಲಿ ಬಹಳ ಬಹಳ ಕಡಿಮೆ ಪ್ರಮಾಣದಲ್ಲಿ ಇರುತ್ತವೆ.

ಇದರಿಂದ ಎರಡು ಪಾಠ ಕಲಿಯಬೇಕು. ಒಂದು, ಹೊಟ್ಟೆಗಿಲ್ಲದ ಗಿಡಕ್ಕೆ ಹಾರ್ಮೋನು ಹೊಡೆದರೆ ಪ್ರಯೋಜನ ಇಲ್ಲ. ಎರಡು, ಸುದ್ದಿ ಜಾಸ್ತಿಯಾದರೆ ಗಿಡಕ್ಕೆ ಗೊಂದಲವಾಗುತ್ತದೆ. ಅತಿಯಾದರೆ ಅಮೃತವೂ ವಿಷ ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ.

ಗಿಡ ತಾನೇ ಮಾಡಿಕೊಳ್ಳುವುದನ್ನು ಹಾರ್ಮೋನು ಅನ್ನುತ್ತಾರೆ. ಅದರ ಹಾಗೆಯೇ ಕೆಲಸ ಮಾಡುವ, ಅಥವಾ ಅದರ ಕೆಲಸವನ್ನು ತಡೆಯುವ, ಅಂಗಡಿಯಲ್ಲಿ ಸಿಗುವ ವಸ್ತುಗಳನ್ನೂ ಸೇರಿಸಿ ಬೆಳವಣಿಗೆ ನಿಯಂತ್ರಕಗಳು ಅಂತ ಕರೆಯುತ್ತಾರೆ. ಮುಖ್ಯವಾದವು ಐದು ಬಗೆ. ಈ ಐದರ ಕೆಲಸವನ್ನೂ ನೀವು ನಿಮ್ಮ ಹಿತ್ತಲಲ್ಲಿ, ಅಡುಗೆಮನೆಯಲ್ಲಿ ದಿನಾ ನೋಡುತ್ತಿದ್ದೀರಿ. ಹೆಸರು ಮಾತ್ರ ಹೊಸದು.

1. ಆಕ್ಸಿನ್: ತುದಿಯ ಯಜಮಾನ

ಕಿಟಕಿ ಪಕ್ಕ ಇಟ್ಟ ಗಿಡ ಬೆಳಕಿನ ಕಡೆ ಬಾಗುವುದನ್ನು ನೋಡಿದ್ದೀರಿ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿಗೆ ಟೊಪ್ಪಿಗೆ ಹಾಕಿ ನೋಡಿದರು. ತುದಿ ಮುಚ್ಚಿದರೆ ಮೊಳಕೆ ಬಾಗಲಿಲ್ಲ. ಅಂದರೆ ಬೆಳಕನ್ನು ತಿಳಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ, ನಡುವೆ ಏನೋ ಒಂದು ಸುದ್ದಿ ಇಳಿಯುತ್ತದೆ ಅಂತ 1880ರಲ್ಲಿ ಬರೆದರು. ಆ ಸುದ್ದಿಯ ವಸ್ತುವಿಗೆ ಮುಂದೆ ಆಕ್ಸಿನ್ ಅಂತ ಹೆಸರಾಯಿತು. ಅದು ಚಿಗುರಿನ ತುದಿಯಲ್ಲಿ ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ನೆರಳಿನ ಕಡೆ ಹೆಚ್ಚು ಸೇರುತ್ತದೆ, ಆ ಕಡೆ ಕಾಂಡ ಹೆಚ್ಚು ಉದ್ದವಾಗುತ್ತದೆ, ಅದಕ್ಕೇ ಗಿಡ ಬೆಳಕಿನ ಕಡೆ ಬಾಗುತ್ತದೆ.

ಸೇವಂತಿಗೆ ಗಿಡದ ತುದಿ ಚಿವುಟಿದರೆ ಪಕ್ಕದ ಕವಲು ಒಡೆಯುತ್ತದೆ, ಹೂ ಜಾಸ್ತಿಯಾಗುತ್ತದೆ. ಇದು ನಿಮ್ಮ ತಾಯಂದಿರಿಗೂ ಗೊತ್ತಿತ್ತು. ಕಾರಣ ಇಷ್ಟೇ: ತುದಿಯಿಂದ ಇಳಿಯುವ ಆಕ್ಸಿನ್ ಪಕ್ಕದ ಮೊಗ್ಗುಗಳಿಗೆ "ನೀವು ಸುಮ್ಮನಿರಿ" ಅನ್ನುತ್ತಿರುತ್ತದೆ. ತುದಿ ಹೋದರೆ ಆ ತಡೆ ಹೋಗುತ್ತದೆ. ನುಗ್ಗೆ, ದಾಸವಾಳ, ಮಲ್ಲಿಗೆ ಸವರುವುದರ ಗುಟ್ಟೂ ಇದೇ. ಒಂದು ಪೈಸೆ ಖರ್ಚಿಲ್ಲದ ಹಾರ್ಮೋನು ಚಿಕಿತ್ಸೆ ಅಂದರೆ ಹೆಬ್ಬೆರಳು ಮತ್ತು ತೋರುಬೆರಳು!

ಕಡ್ಡಿ ನೆಟ್ಟಾಗ ಬೇರು ಬರುವುದೂ ಆಕ್ಸಿನ್‌ನಿಂದಲೇ. ಅದು ಕೆಳಮುಖವಾಗಿ ಇಳಿದು ಕಡ್ಡಿಯ ಬುಡದಲ್ಲಿ ಸೇರುವುದರಿಂದ ಬೇರು ಅಲ್ಲಿ ಒಡೆಯುತ್ತದೆ. ಆದ್ದರಿಂದ ಕಡ್ಡಿಯನ್ನು ತಲೆಕೆಳಗಾಗಿ ನೆಡಬಾರದು. ಕತ್ತರಿಸುವಾಗಲೇ ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸಿದರೆ ಗುರುತು ತಪ್ಪುವುದಿಲ್ಲ.

ಎಳೆ ಕಾಯಿ ನಿಲ್ಲುವುದಕ್ಕೂ ಆಕ್ಸಿನ್ ಬೇಕು. ಬೀಜ ಕಟ್ಟಿದರೆ ಬೀಜವೇ ಆಕ್ಸಿನ್ ಕೊಡುತ್ತದೆ. ಪರಾಗ ಸರಿಯಾಗಿ ಸೇರದಿದ್ದರೆ ಸುದ್ದಿ ಬರುವುದಿಲ್ಲ, ತೊಟ್ಟು ಬಿಡುತ್ತದೆ, ಹೂ ಉದುರುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣಗೆ ಸೊಟ್ಟಗಾದ ಸೌತೆಕಾಯಿಯನ್ನು ಸೀಳಿ ನೋಡಿ. ಸಣ್ಣಗಿರುವ ಕಡೆ ಸಾಮಾನ್ಯವಾಗಿ ಬೀಜ ಸರಿಯಾಗಿ ಕಟ್ಟಿರುವುದಿಲ್ಲ. ಜೇನು ಬರುವ ಬೆಳಗಿನ ಹೊತ್ತು ಕೀಟನಾಶಕ ಹೊಡೆಯಬೇಡಿ ಅಂತ ನಾವು ಪದೇ ಪದೇ ಹೇಳುವುದು ಇದಕ್ಕೇ.

2. ಜಿಬ್ಬರೆಲಿನ್: ಎತ್ತರ ಮಾಡುವುದು, ಬೀಜ ಎಬ್ಬಿಸುವುದು

ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ಉಳಿದವಕ್ಕಿಂತ ಸಣಕಲಾಗಿ, ಎತ್ತರವಾಗಿ ಬೆಳೆದು ಬಿದ್ದುಹೋಗುತ್ತಿದ್ದವು. ರೈತರು ಅದನ್ನು 'ಪೆದ್ದು ಸಸಿ' ರೋಗ ಅನ್ನುತ್ತಿದ್ದರು. ಅದಕ್ಕೆ ಒಂದು ಶಿಲೀಂಧ್ರ ಸುರಿಸುವ ವಸ್ತು ಕಾರಣ ಅಂತ 1926ರಲ್ಲಿ ಕುರೊಸಾವಾ ಎಂಬ ವಿಜ್ಞಾನಿ ತೋರಿಸಿದರು. 1935ರಲ್ಲಿ ಅದಕ್ಕೆ ಜಿಬ್ಬರೆಲಿನ್ ಅಂತ ಹೆಸರಿಟ್ಟರು. ಮುಂದೆ ಗಿಡಗಳೂ ಇದನ್ನು ತಾವೇ ತಯಾರಿಸುತ್ತವೆ ಅಂತ ತಿಳಿಯಿತು. ಎತ್ತರವಾದದ್ದೆಲ್ಲ ಆರೋಗ್ಯ ಅಲ್ಲ ಅನ್ನುವುದಕ್ಕೆ ಆ ಪೆದ್ದು ಸಸಿಯೇ ಸಾಕ್ಷಿ.

ರಾಗಿ ಮಾಲ್ಟ್ ಮಾಡುವ ಸಂಘದವರು ಇದನ್ನು ಗಮನಿಸಿ. ರಾಗಿ ನೆನೆಸಿ ಕಟ್ಟಿಟ್ಟಾಗ ಕಾಳಿನೊಳಗಿನ ಭ್ರೂಣ ಜಿಬ್ಬರೆಲಿನ್ ಕಳಿಸುತ್ತದೆ. ಆ ಸುದ್ದಿ ಸಿಕ್ಕಿದ ಕೂಡಲೇ ಹಿಟ್ಟನ್ನು ಸಕ್ಕರೆ ಮಾಡುವ ಕಿಣ್ವಗಳು ಹುಟ್ಟುತ್ತವೆ. ಅದಕ್ಕೇ ಮೊಳಕೆ ರಾಗಿಯ ಹಿಟ್ಟು ಸಿಹಿ, ಗಂಜಿ ತೆಳು, ಮಗುವಿಗೆ ಜೀರ್ಣ ಸುಲಭ. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ಹಿರಿಯರು ಹೇಳಿದ ಮಾತಿನ ಒಳಗೆ ಇಷ್ಟೆಲ್ಲ ಇದೆ.

ವಿಜಯಪುರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುವ ಸಹೋದರಿಯರಿಗೆ ಜಿಬ್ಬರೆಲಿನ್ ಪರಿಚಯ ಇದ್ದೇ ಇದೆ. ಬೀಜ ಇಲ್ಲದ ದ್ರಾಕ್ಷಿಗೆ ಬೀಜದಿಂದ ಬರಬೇಕಾದ ಸುದ್ದಿ ಕಡಿಮೆ, ಆದ್ದರಿಂದ ಹಣ್ಣು ಸಣ್ಣ. ಗೊಂಚಲನ್ನು ಜಿಬ್ಬರೆಲಿನ್ ನೀರಿನಲ್ಲಿ ಅದ್ದಿದರೆ ಗೊಂಚಲು ಸಡಿಲವಾಗಿ, ಹಣ್ಣು ದಪ್ಪಗಾಗುತ್ತದೆ.

3. ಸೈಟೋಕೈನಿನ್: ಹಸಿರು ಕಾಯುವುದು

ಇದು ಹೆಚ್ಚಾಗಿ ಬೇರಿನ ತುದಿಯಲ್ಲಿ ಹುಟ್ಟಿ ಮೇಲಕ್ಕೆ ಏರುತ್ತದೆ. ಜೀವಕೋಶಗಳು ಒಂದು ಎರಡಾಗುವ ಹಾಗೆ ಮಾಡುತ್ತದೆ, ಎಲೆ ಬೇಗ ಹಳದಿಯಾಗದಂತೆ ಕಾಯುತ್ತದೆ. ಆಕ್ಸಿನ್ ಮೇಲಿನಿಂದ ಕೆಳಕ್ಕೆ, ಇದು ಕೆಳಗಿನಿಂದ ಮೇಲಕ್ಕೆ. ಇಬ್ಬರ ನಡುವಿನ ತೂಕದ ಮೇಲೆ ಗಿಡ ಬೇರು ಬಿಡಬೇಕೋ ಚಿಗುರು ಬಿಡಬೇಕೋ ತೀರ್ಮಾನವಾಗುತ್ತದೆ. ಅಂಗಾಂಶ ಕೃಷಿಯ ಬಾಳೆ ಸಸಿ ತರುತ್ತೀರಲ್ಲ, ಅದು ಹುಟ್ಟುವುದೇ ಹೀಗೆ. ಗಾಜಿನ ಬಾಟಲಿಯಲ್ಲಿ ಮೊದಲು ಸೈಟೋಕೈನಿನ್ ಹೆಚ್ಚು ಕೊಟ್ಟು ಒಂದು ತುಂಡಿನಿಂದ ಹಲವು ಚಿಗುರು ಎಬ್ಬಿಸುತ್ತಾರೆ, ಆಮೇಲೆ ಆಕ್ಸಿನ್ ಹೆಚ್ಚು ಮಾಡಿ ಬೇರು ಬರಿಸುತ್ತಾರೆ.

ನಮ್ಮ ಎಳನೀರಿನಲ್ಲಿ ಸೈಟೋಕೈನಿನ್ ಇದೆ. 1940ರ ದಶಕದಿಂದಲೇ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಎಳೆ ಸಸ್ಯ ಬೆಳೆಸಲು ತೆಂಗಿನಕಾಯಿ ನೀರು ಬಳಸಿದ್ದಾರೆ. ನುಗ್ಗೆ ಸೊಪ್ಪಿನಲ್ಲೂ ಈ ಬಗೆಯ ಹಾರ್ಮೋನು ಇದೆ. ಇದನ್ನು ಹೇಗೆ ಬಳಸಬಹುದು ಅಂತ ಮುಂದೆ ಹೇಳುತ್ತೇವೆ.

4. ಎಥಿಲೀನ್: ಗಾಳಿಯಲ್ಲಿ ಹೋಗುವ ಸುದ್ದಿ

ಇದು ಅನಿಲ. ಹಿಂದೆ ಯುರೋಪಿನ ಪಟ್ಟಣಗಳಲ್ಲಿ ಬೀದಿ ದೀಪಕ್ಕೆ ಅನಿಲ ಬಳಸುತ್ತಿದ್ದಾಗ, ಕೊಳವೆ ಸೋರಿದ ಕಡೆ ಮರಗಳ ಎಲೆ ಉದುರುತ್ತಿದ್ದವು. ಆ ಅನಿಲದಲ್ಲಿದ್ದ ಎಥಿಲೀನ್ ಇದಕ್ಕೆ ಕಾರಣ ಅಂತ 1901ರಲ್ಲಿ ರಷ್ಯಾದ ನೆಲ್ಯುಬೊವ್ ತೋರಿಸಿದರು. ಹಣ್ಣುಗಳೇ ಎಥಿಲೀನ್ ಬಿಡುತ್ತವೆ ಅಂತ 1934ರಲ್ಲಿ ಖಚಿತವಾಯಿತು.

ನಿಮಗೆ ಇದು ಮೊದಲೇ ಗೊತ್ತು! ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಡುವುದು, ನಡುವೆ ಒಂದು ಮಾಗಿದ ಹಣ್ಣು ಇಡುವುದು, ಬಾಳೆಗೊನೆಗೆ ಹೊಗೆ ಹಾಕುವುದು – ಎಲ್ಲವೂ ಎಥಿಲೀನ್ ಕೆಲಸವೇ. ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಒಂದು ಕೊಳೆತ ಹಣ್ಣು ಇಡೀ ಬುಟ್ಟಿಯನ್ನು ಬೇಗ ಹಣ್ಣು ಮಾಡುವುದೂ ಇದರಿಂದಲೇ. ಹೂ, ಸೊಪ್ಪು ಮಾರುವವರು ಮಾಗಿದ ಹಣ್ಣಿನ ಪಕ್ಕ ಇಡಬೇಡಿ. ಹೂ ಬೇಗ ಬಾಡುತ್ತದೆ, ಸೊಪ್ಪು ಹಳದಿಯಾಗುತ್ತದೆ.

5. ಅಬ್ಸಿಸಿಕ್ ಆಮ್ಲ: ತಡೆಯುವ ಹಿರಿಯಳು

ಉಳಿದವು "ಬೆಳೆ, ಬೆಳೆ" ಅಂದರೆ ಇದು "ತಡೆ, ಈಗ ಬೇಡ" ಅನ್ನುತ್ತದೆ. ಬೀಜ ಗಿಡದಲ್ಲೇ ಮೊಳೆಯದಂತೆ ಕಾಯುವುದು ಇದೇ. ಬಿಸಿಲು ಜೋರಾಗಿ ಮಣ್ಣು ಒಣಗಿದಾಗ ಇದು ಎಲೆಯ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಸಿ ನೀರು ಉಳಿಸುತ್ತದೆ. ಆ ಹೊತ್ತಿನಲ್ಲಿ ಗಿಡ ಬೆಳೆಯುವುದು ನಿಲ್ಲಿಸಿ ಜೀವ ಹಿಡಿದುಕೊಂಡಿರುತ್ತದೆ. ಆಗ ಹೋಗಿ ಬೆಳವಣಿಗೆಯ ಟಾನಿಕ್ ಹೊಡೆಯಬಾರದು. ಬಾಯಾರಿದ ಗಿಡಕ್ಕೆ ಮೊದಲು ನೀರು ಕೊಡಿ.

ಇವಲ್ಲದೆ ಇನ್ನೂ ಕೆಲವು ಇವೆ. ಒಂದರ ಹೆಸರು ಕೇಳಿ ಖುಷಿಯಾಗುತ್ತದೆ: ಜಾಸ್ಮೊನೇಟ್. 1962ರಲ್ಲಿ ಜಾಜಿ ಮಲ್ಲಿಗೆಯ ಸುಗಂಧ ತೈಲದಲ್ಲಿ ಅದನ್ನು ಮೊದಲು ಗುರುತಿಸಿದ್ದರಿಂದ ಆ ಹೆಸರು. ಹುಳು ಎಲೆ ಕಚ್ಚಿದಾಗ ಗಿಡ ತನ್ನ ರಕ್ಷಣೆಗೆ ಸಿದ್ಧವಾಗಲು ಇದು ಕರೆ ಕೊಡುತ್ತದೆ.

ಟಾನಿಕ್ ಹೇಗೆ ಕಳೆನಾಶಕವಾಗುತ್ತದೆ?

ಈಗ ಮೆಣಸಿನ ಹೊಲಕ್ಕೆ ಮರಳೋಣ. ಹೂ ಉದುರುವುದನ್ನು ತಡೆಯಲು ಬಳಸುವ ಎನ್‌ಎಎ ಒಂದು ಕೃತಕ ಆಕ್ಸಿನ್. ಮೆಣಸಿನಕಾಯಿಗೆ ಅದರ ಪ್ರಮಾಣ 10 ಪಿಪಿಎಂ. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಒಂದು ಲೀಟರ್ ನೀರಿಗೆ 1 ಮಿಲಿಗ್ರಾಂ ಹಾಕಿದರೆ 1 ಪಿಪಿಎಂ. ಹೀಗೆ ನೆನಪಿಡಿ: 100 ಲೀಟರ್ ಡ್ರಮ್ಮಿನ ನೀರಿಗೆ 1 ಗ್ರಾಂ ಉಪ್ಪು ಹಾಕಿದರೆ 10 ಪಿಪಿಎಂ. ಬಾಯಿಗೆ ರುಚಿಯೂ ಗೊತ್ತಾಗುವುದಿಲ್ಲ. ಅಷ್ಟು ಸಾಕು ಗಿಡಕ್ಕೆ!

2,4-ಡಿ ಕೂಡ ಕೃತಕ ಆಕ್ಸಿನ್. ಆದರೆ ಅದನ್ನು ಹೊಡೆಯುವುದು ಬಹಳ ಹೆಚ್ಚಿನ ಪ್ರಮಾಣದಲ್ಲಿ, ಮತ್ತು ಗಿಡ ಅದನ್ನು ಸುಲಭವಾಗಿ ಕರಗಿಸಿಕೊಳ್ಳಲಾರದು. ಎಲ್ಲ ಕಡೆಯಿಂದ ಒಂದೇ ಸಮ ಡಂಗುರ ಹೊಡೆದ ಹಾಗೆ. ಅಗಲ ಎಲೆಯ ಗಿಡ ಎಲ್ಲೆಂದರಲ್ಲಿ ಅಡ್ಡಾದಿಡ್ಡಿ ಬೆಳೆದು, ತಿರುಚಿಕೊಂಡು ಸಾಯುತ್ತದೆ. ಜೋಳ, ಭತ್ತ, ಕಬ್ಬು ಹುಲ್ಲಿನ ಜಾತಿಯವು, ತಡೆದುಕೊಳ್ಳುತ್ತವೆ. ಮೆಣಸಿನಕಾಯಿ, ಟೊಮೆಟೊ, ಹತ್ತಿ, ದ್ರಾಕ್ಷಿ ತಡೆದುಕೊಳ್ಳುವುದಿಲ್ಲ. ಕ್ಯಾನಿನ ತಳದಲ್ಲಿ, ರಬ್ಬರ್ ಪೈಪಿನಲ್ಲಿ ಉಳಿದ ಸ್ವಲ್ಪವೇ ಸಾಕು, ಗಾಳಿಯಲ್ಲಿ ತೂರಿ ಬಂದ ಹನಿಯೂ ಸಾಕು. ಆದ್ದರಿಂದ ನಿಯಮ ಒಂದೇ: ಕಳೆನಾಶಕದ ಕ್ಯಾನ್ ಬೇರೆ, ಔಷಧಿಯ ಕ್ಯಾನ್ ಬೇರೆ. ಸಂಘದ ಕ್ಯಾನಿಗೆ ಬಣ್ಣ ಬಳಿದು ಗುರುತು ಮಾಡಿ, ಎರವಲು ಕೊಡಬೇಡಿ, ಎರವಲು ತರಬೇಡಿ.

ಎಲ್ಲಿ, ಎಷ್ಟು ಬಳಸುತ್ತಾರೆ?

ನಮ್ಮ ಸಂಘದವರು ಮಾಡುವ ಬೆಳೆಗಳಿಗೆ ಸಂಬಂಧಪಟ್ಟ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಕಾಳುಮೆಣಸಿನ ನರ್ಸರಿ: ಬಳ್ಳಿಯ ಬುಡದಿಂದ ಹರಿದ ಕುಡಿಯನ್ನು ಎರಡು ಮೂರು ಗೆಣ್ಣಿನ ತುಂಡು ಮಾಡಿ, ಬುಡವನ್ನು ಐಬಿಎ ಎಂಬ ಆಕ್ಸಿನ್‌ನ 1,000 ಪಿಪಿಎಂ ದ್ರಾವಣದಲ್ಲಿ 45 ಸೆಕೆಂಡು ಅದ್ದಿ ಪಾಲಿಥೀನ್ ಚೀಲದಲ್ಲಿ ನೆಡುತ್ತಾರೆ. ಐಬಿಎ ಬರೀ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಆದ್ದರಿಂದ ಸಂಘದವರಿಗೆ ಅಂಗಡಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯೇ ಅನುಕೂಲ. ಕಡ್ಡಿಯ ಒದ್ದೆ ಬುಡಕ್ಕೆ ತಾಗಿಸಿ, ಹೆಚ್ಚಾದದ್ದನ್ನು ತಟ್ಟಿ ಉದುರಿಸಿ ನೆಡಿ. ಜಾಸ್ತಿ ಪುಡಿ ಹಚ್ಚಿದರೆ ಬುಡ ಕೊಳೆಯಬಹುದು.

ಮೆಣಸಿನಕಾಯಿ: ಹೂ ಬಿಡುವಾಗ ಎನ್‌ಎಎ 10 ಪಿಪಿಎಂ. ಬಾಟಲಿ ಮೇಲೆ 4.5% ಅಂತ ಇದ್ದರೆ 4.5 ಲೀಟರ್ ನೀರಿಗೆ 1 ಮಿ.ಲೀ. ಲೆಕ್ಕ. ಅಂದರೆ 16 ಲೀಟರ್ ಕ್ಯಾನಿಗೆ ಸುಮಾರು 3.5 ಮಿ.ಲೀ. ಮಾತ್ರ. ಮುಚ್ಚಳದಲ್ಲಿ, ಅಂದಾಜಿನಲ್ಲಿ ಅಳೆಯಬೇಡಿ. ಸೂಜಿ ತೆಗೆದ ಹೊಸ ಸಿರಿಂಜ್ ಇದಕ್ಕೆಂದೇ ಇಟ್ಟುಕೊಳ್ಳಿ. ಹೂ ಉದುರುವುದಕ್ಕೆ ನೀರಿನ ಕೊರತೆ, ಥ್ರಿಪ್ಸ್ ನುಶಿ, ವಿಪರೀತ ಬಿಸಿಲು ಕಾರಣವಾಗಿದ್ದರೆ ಮೊದಲು ಅದನ್ನು ಸರಿಮಾಡಿ.

ಅನಾನಸ್: ಸಾಗರ, ಶಿರಸಿ, ಬನವಾಸಿ ಕಡೆಯ ಬೆಳೆಗಾರರು ಬಲ್ಲರು. ಬಿಟ್ಟರೆ ಗಿಡಗಳು ಹಿಂದೆ ಮುಂದೆ ಹೂ ಬಿಡುತ್ತವೆ, ಒಮ್ಮೆಗೇ ಕೊಯ್ಲಿಗೆ ಸಿಗುವುದಿಲ್ಲ. ಎಥಿಲೀನ್ ಬಿಡುವ ಎಥೆಫಾನ್ ಕೊಟ್ಟರೆ ಒಟ್ಟಿಗೆ ಹೂ ಬಿಡುತ್ತವೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೀಗಿದೆ: 20 ಲೀಟರ್ ನೀರಿಗೆ 39% ಎಥೆಫಾನ್ 1.25 ಮಿ.ಲೀ., ಯೂರಿಯಾ 400 ಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ 8 ಗ್ರಾಂ. 35ರಿಂದ 40 ಎಲೆ ಆದ ಗಿಡದ ಸುಳಿಗೆ 50 ಮಿ.ಲೀ. ಇಷ್ಟರಲ್ಲಿ 400 ಗಿಡ ಮುಗಿಯುತ್ತದೆ. ಎಲೆ ಇನ್ನೂ ಕಡಿಮೆ ಇರುವ ಗಿಡಕ್ಕೆ ಕೊಟ್ಟರೆ ಹೂ ಬರಬಹುದು, ಹಣ್ಣು ಮಾತ್ರ ಚಿಕ್ಕದು. ಸುದ್ದಿ ಸಿಕ್ಕಿತು, ಬುತ್ತಿ ಇರಲಿಲ್ಲ.

ಸೌತೆ, ಹೀರೆ, ಹಾಗಲ: ಎರಡರಿಂದ ನಾಲ್ಕು ಎಲೆಯ ಹಂತದಲ್ಲಿ ಎಥೆಫಾನ್ ಹೊಡೆದರೆ ಹೆಣ್ಣು ಹೂ ಹೆಚ್ಚುತ್ತದೆ. ಇದನ್ನು ಮಾಡುವ ಮೊದಲು ನಿಮ್ಮ ತಳಿಗೆ ಎಷ್ಟು ಅಂತ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ.

ಮಾವು: ಪ್ಯಾಕ್ಲೊಬುಟ್ರಜಾಲ್ ಎಂಬುದು ಜಿಬ್ಬರೆಲಿನ್ ತಯಾರಾಗದಂತೆ ತಡೆದು ಮರಕ್ಕೆ ಹೂ ಬರಿಸುತ್ತದೆ. ಇದು ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಫಸಲು ಗುತ್ತಿಗೆಗೆ ಕೊಡುವ ಸಹೋದರಿಯರು, ಗುತ್ತಿಗೆದಾರ ಬುಡಕ್ಕೆ ಏನು ಸುರಿಯುತ್ತಾನೆ, ಎಷ್ಟು ಸುರಿಯುತ್ತಾನೆ ಅಂತ ಕೇಳಿ ಕರಾರಿನಲ್ಲಿ ಬರೆಸಿಕೊಳ್ಳಿ. ಅವನದು ಒಂದೆರಡು ವರ್ಷದ ಲಾಭ, ಮರ ನಿಮ್ಮ ಮಕ್ಕಳದು.

ನಮ್ಮ ಮೈಗೆ ತೊಂದರೆ ಇದೆಯೇ?

ಸಭೆಗಳಲ್ಲಿ ಯಾವಾಗಲೂ ಬರುವ ಪ್ರಶ್ನೆ ಇದು. "ಹಾರ್ಮೋನು ಹೊಡೆದ ತರಕಾರಿ ತಿಂದ್ರೆ ನಮ್ಮ ಹಾರ್ಮೋನು ಕೆಡುತ್ತಂತೆ, ಹೌದಾ ಸಿಸ್ಟರ್?" ಗಿಡದ ಹಾರ್ಮೋನು ಬೇರೆ, ಮನುಷ್ಯರ ಹಾರ್ಮೋನು ಬೇರೆ. ಗಿಡದ ಸ್ವಂತ ಹಾರ್ಮೋನುಗಳು ನಾವು ತಿನ್ನುವ ಎಲ್ಲ ಸೊಪ್ಪು ತರಕಾರಿಗಳಲ್ಲೂ ಇದ್ದೇ ಇವೆ. ಅದಕ್ಕೆ ಹೆದರಬೇಕಿಲ್ಲ. ಆದರೆ ಬಾಟಲಿಯಲ್ಲಿರುವ ಗಟ್ಟಿ ರಾಸಾಯನಿಕಕ್ಕೆ ಹೆದರಲೇಬೇಕು. ಮೊದಲು ತೊಂದರೆಯಾಗುವುದು ತಿನ್ನುವವರಿಗಲ್ಲ, ಬೆರೆಸುವ ಹೊಡೆಯುವ ಕೈಗಳಿಗೆ. ಆ ಕೈಗಳು ಹೆಚ್ಚಾಗಿ ನಮ್ಮವೇ.

ಗಟ್ಟಿ ಎಥೆಫಾನ್ ಹುಳಿಯಂತೆ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ದ್ರಾಕ್ಷಿಯ ಅಕ್ಟೋಬರ್ ಚಾಟ್ನಿಯ ನಂತರ ಕಣ್ಣು ಒಡೆಯಲು ಕಡ್ಡಿಗೆ ಹಚ್ಚುವ ಹೈಡ್ರೋಜನ್ ಸೈನಮೈಡ್ ಇನ್ನೂ ಅಪಾಯಕಾರಿ. ಬರಿಗೈಯಲ್ಲಿ ಮುಟ್ಟಲೇಬಾರದು. ಅದನ್ನು ಹಚ್ಚಿದವರು ಆ ದಿನದ ಹಿಂದೆ ಮುಂದೆ ಸಾರಾಯಿ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿತ ಏರಿ, ಉಸಿರಾಟ ಕಷ್ಟವಾಗುತ್ತದೆ. ನಿಮ್ಮ ಮನೆಯ ಗಂಡಸರು ಆ ಕೆಲಸಕ್ಕೆ ಹೋಗುತ್ತಿದ್ದರೆ ಈ ಮಾತನ್ನು ಅವರಿಗೆ ಮುಟ್ಟಿಸಿ. ಗೌಸು ಕೊಡದ ಮಾಲೀಕರನ್ನು ಒಬ್ಬೊಬ್ಬರೇ ಕೇಳಬೇಡಿ, ಎಲ್ಲರೂ ಸೇರಿ ಕೇಳಿ. ಗರ್ಭಿಣಿಯರು, ಎದೆಹಾಲು ಕೊಡುವವರು, ಮಕ್ಕಳು ಈ ಕೆಲಸಕ್ಕೆ ಹೋಗಬಾರದು.

ಹಣ್ಣಿನ ವ್ಯಾಪಾರ ಮಾಡುವವರಿಗೆ ಒಂದು ಮಾತು. ಕ್ಯಾಲ್ಸಿಯಂ ಕಾರ್ಬೈಡ್ ಪುಡಿಯಿಂದ ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧ. 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಅದರಿಂದ ಬರುವುದು ಎಥಿಲೀನ್ ಅಲ್ಲ, ಅಸಿಟಿಲೀನ್. ಜೊತೆಗೆ ಆರ್ಸೆನಿಕ್, ರಂಜಕದ ಅಂಶಗಳು ಸೇರಿರಬಹುದು. 100 ಪಿಪಿಎಂವರೆಗಿನ ಎಥಿಲೀನ್ ಅನಿಲಕ್ಕೆ 2016ರಿಂದ ಅನುಮತಿ ಇದೆ. ಹಣ್ಣನ್ನು ನೇರವಾಗಿ ಎಥೆಫಾನ್ ನೀರಿನಲ್ಲಿ ಅದ್ದಬಾರದು. ಸಣ್ಣ ವ್ಯಾಪಾರಕ್ಕೆ ನಮ್ಮ ಹುಲ್ಲು ಮತ್ತು ಒಂದೆರಡು ಮಾಗಿದ ಬಾಳೆಹಣ್ಣೇ ಸಾಕು.

ಮನೆಯಲ್ಲೇ ಏನು ಮಾಡಬಹುದು?

ನುಗ್ಗೆ ಸೊಪ್ಪನ್ನು ಸ್ವಲ್ಪ ನೀರು ಹಾಕಿ ಅರೆದು, ಬಟ್ಟೆಯಲ್ಲಿ ಸೋಸಿ, ಒಂದು ಪಾಲು ರಸಕ್ಕೆ 30 ಪಾಲು ನೀರು ಸೇರಿಸಿ ಅಂದೇ ಎಲೆಗಳ ಮೇಲೆ ಸಿಂಪಡಿಸಿ. ಇಟ್ಟರೆ ಕೆಡುತ್ತದೆ. ಹಲವು ಬೆಳೆಗಳ ಪ್ರಯೋಗಗಳಲ್ಲಿ ಇದು ಅನುಕೂಲ ಮಾಡಿದೆ. ಆದರೆ ನಮ್ಮ ಮಾತನ್ನೂ ಸುಮ್ಮನೆ ನಂಬಬೇಡಿ. ಒಂದು ಸಾಲಿಗೆ ಹೊಡೆಯಿರಿ, ಪಕ್ಕದ ಸಾಲಿಗೆ ಬರೀ ನೀರು ಹೊಡೆಯಿರಿ. ಎರಡೂ ಸಾಲಿನ ಕಾಯಿ ಬೇರೆ ಬೇರೆ ತೂಗಿ ಪುಸ್ತಕದಲ್ಲಿ ಬರೆಯಿರಿ. ಯಾವುದೇ ಟಾನಿಕ್ ಕೊಂಡರೂ ಇದೇ ಪರೀಕ್ಷೆ ಮಾಡಿ. ವ್ಯಾಪಾರಿಯ ಮಾತಿಗಿಂತ ತಕ್ಕಡಿಯ ಮಾತು ದೊಡ್ಡದು.

ಸಾಲ ಮಂಜೂರು ಮಾಡುವ ಮುನ್ನ ಕೇಳಬೇಕಾದ ಐದು ಪ್ರಶ್ನೆ

1. ಬಾಟಲಿಯಲ್ಲಿರುವ ವಸ್ತುವಿನ ಹೆಸರು ಮತ್ತು ಶೇಕಡಾ ಎಷ್ಟು ಅಂತ ಬರೆದಿದೆಯೇ? ಬರೀ 'ಪವರ್', 'ಮ್ಯಾಜಿಕ್' ಅಂತಿದ್ದರೆ ಬೇಡ.

2. ನೋಂದಣಿ ಸಂಖ್ಯೆ ಇದೆಯೇ? ಎನ್‌ಎಎ, ಜಿಬ್ಬರೆಲಿನ್, ಎಥೆಫಾನ್ ಮುಂತಾದವು 1968ರ ಕೀಟನಾಶಕ ಕಾಯ್ದೆಯ ಅಡಿ ನೋಂದಣಿಯಾಗಿರಬೇಕು. ಕಡಲಪಾಚಿ ರಸದಂತಹ ಜೈವಿಕ ಪ್ರಚೋದಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ತಂದಿದ್ದಾರೆ. ಎರಡರಲ್ಲಿ ಒಂದೂ ಇಲ್ಲದಿದ್ದರೆ ಬೇಡ.

3. ನಮ್ಮ ಬೆಳೆಯ ಹೆಸರು, ಪ್ರಮಾಣ, ಯಾವ ಹಂತದಲ್ಲಿ ಅಂತ ಕಾಗದದಲ್ಲಿ ಇದೆಯೇ? ತಯಾರಿ ದಿನ, ಅವಧಿ ಮುಗಿಯುವ ದಿನ ನೋಡಿದ್ದೀರಾ? ಅಪಾಯದ ಗುರುತಿನ ಬಣ್ಣ ಯಾವುದು? ಕೆಂಪು ಎಲ್ಲಕ್ಕಿಂತ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು.

4. ಬಿಲ್ಲು ಕೊಡುತ್ತಾರೆಯೇ? ಬಿಲ್ಲು ಇಲ್ಲದೆ ಪರಿಹಾರ ಕೇಳುವುದು ಕಷ್ಟ.

5. ಯಾವ ಕ್ಯಾನಿನಲ್ಲಿ ಹೊಡೆಯುತ್ತೀರಿ?

ಸಂದೇಹ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಮಾತು

ಆ ಸಂಘದವರು ಏನಾದರು ಅಂತ ನೀವು ಕೇಳಬಹುದು. ಆ ಬೆಳೆ ಕೈಗೆ ಬರಲಿಲ್ಲ. ಬಾಟಲಿಗೆ ಬಿಲ್ಲು ಇರಲಿಲ್ಲ, ವ್ಯಾಪಾರಿ ಮತ್ತೆ ಆ ಕಡೆ ಬರಲಿಲ್ಲ. ಟಾನಿಕ್ಕಿನಲ್ಲಿ ಏನಿತ್ತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸದಸ್ಯರು ಕೂಲಿ ಮಾಡಿ, ಸ್ವಲ್ಪ ಸ್ವಲ್ಪವಾಗಿ ಸಾಲ ತೀರಿಸಿದರು. ಒಬ್ಬ ಅಕ್ಕ ಕಿವಿಯ ಓಲೆ ಅಡವಿಟ್ಟಿದ್ದು ನಮಗೆ ಬಹಳ ದಿನದ ಮೇಲೆ ತಿಳಿಯಿತು. ಆ ದಿನ ಸಭೆಯಲ್ಲಿ ಕುಳಿತಿದ್ದ ನಾವು "ಬಾಟಲಿಯಲ್ಲಿ ಏನಿದೆ?" ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಆ ತಪ್ಪು ನಮ್ಮದೂ ಹೌದು.

ಮಾರನೆಯ ವರ್ಷ ಅವರು ಅದೇ ಜಮೀನಿನಲ್ಲಿ ಮತ್ತೆ ಮೆಣಸಿನಕಾಯಿ ಹಾಕಿದರು. ಸಂಘಕ್ಕೆ ಸ್ವಂತ ಕ್ಯಾನ್ ಕೊಂಡು ಅದಕ್ಕೆ ಹಸಿರು ಬಣ್ಣ ಬಳಿದರು. ಹೊಲಗೊಬ್ಬರ ಹಾಕಿದರು, ಹೊತ್ತಿಗೆ ಸರಿಯಾಗಿ ನೀರು ಕೊಟ್ಟರು, ಯಾವ ಟಾನಿಕ್ಕೂ ಹೊಡೆಯಲಿಲ್ಲ. ಫಸಲು ಸಾಧಾರಣವಾಗಿ ಬಂತು, ಸಾಲ ಇಲ್ಲದ ಫಸಲು. ಅವರ ನಡಾವಳಿ ಪುಸ್ತಕದಲ್ಲಿ ಆ ಐದು ಪ್ರಶ್ನೆಗಳನ್ನು ಮೊದಲ ಪುಟಕ್ಕೆ ಅಂಟಿಸಿದ್ದಾರೆ. ನೀವೂ ಮುಂದಿನ ಸಭೆಯಲ್ಲಿ ಈ ಬರಹವನ್ನು ಗಟ್ಟಿಯಾಗಿ ಓದಿ, ಓದು ಬಾರದ ಸದಸ್ಯರಿಗೂ ತಿಳಿಸಿ, ಪ್ರಶ್ನೆಗಳನ್ನು ನಿಮ್ಮ ಪುಸ್ತಕಕ್ಕೂ ಬರೆದುಕೊಳ್ಳಿ.